ಹಿಂಗೋಡೆ ಇಲ್ಲದ ಅರಮನೆ

ಸ್ಯಾನ್ ಡಿಯಾಗೋ
ಅಕ್ಟೋಬರ್ 4, 2014, ಶನಿವಾರ

ಪ್ರೀತಿಯ ಯಜಮಾನರಿಗೆ,

ಹೇಗಿದ್ದೀರಿ? ಮೊನ್ನೆ ಫೋನಿನಲ್ಲಿ ನಿಮ್ಮ ಗಂಟಲು ಕಟ್ಟಿದ ಹಾಗಿತ್ತು. ಕೇಳಿದರೆ ಏನಿಲ್ಲ ಅಂದಿರಿ. ನಿಮ್ಮ ‘ಏನಿಲ್ಲ’ ಎಂಥದ್ದೆಂದು ಮದುವೆಯಾದ ವರ್ಷದಿಂದಲೂ ಬಲ್ಲೆ. ವಾರ್ಸಾದಲ್ಲಿ ಆಗಲೇ ಸ್ವೆಟರ್ ಇಲ್ಲದೆ ಹೊರಗೆ ಕಾಲಿಡುವ ಹಾಗಿಲ್ಲವಂತೆ. ದಯವಿಟ್ಟು ಟೋಪಿ ಹಾಕಿಕೊಳ್ಳಿ. ಕೂದಲು ಕೆಡುತ್ತದೆ ಎಂಬ ಚಿಂತೆ ಬೇಡ, ಕೆಡಲು ಅಲ್ಲಿ ಉಳಿದಿರುವುದಾದರೂ ಎಷ್ಟು! ಮೆಣಸಿನ ಸಾರು ಮಾಡಿಕೊಂಡು ಬಿಸಿಬಿಸಿಯಾಗಿ ಕುಡಿಯಿರಿ. ಕುಕ್ಕರ್ ಕೂಗಿದರೆ ಕೆಳಗಿನ ಮನೆಯವರು ಗಾಬರಿಯಾಗಿ ಬಂದು ಬಾಗಿಲು ತಟ್ಟುತ್ತಾರೆ ಅಂದಿದ್ದಿರಲ್ಲ, ಅವರಿಗೂ ಒಂದು ಲೋಟ ಕೊಟ್ಟು ಕಳಿಸಿ.

ನಿಮ್ಮ ಆಫೀಸಿನ ವಿಕ್ರಮ್ ಸೋಮವಾರ ಅಲ್ಲಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಚಟ್ನಿಪುಡಿ, ಹುರಿಗಾಳು, ನಿಮ್ಮ ಮಂಡಿಗೆ ಹಚ್ಚುವ ಎಣ್ಣೆ, ಜೊತೆಗೆ ಈ ಕಾಗದ. ಫೋನಿರುವಾಗ ಕಾಗದವೇಕೆ ಎಂದು ನೀವು ಹುಬ್ಬು ಗಂಟಿಕ್ಕುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಫೋನಿನಲ್ಲಿ ಎಷ್ಟು ಸಲ ಹೇಳಲು ಹೋದರೂ “ಮೀಟಿಂಗ್ ಇದೆ ಪಂಕಜಾ, ಪಾಯಿಂಟಿಗೆ ಬಾ” ಅಂತೀರಿ. ಕಾಗದವಾದರೆ ಮಧ್ಯೆ ಬಾಯಿ ಹಾಕುವಂತಿಲ್ಲ, ನಾನು ನನ್ನ ದಾರಿಯಲ್ಲೇ ಪಾಯಿಂಟಿಗೆ ಬರಬಹುದು. ಈ ವಾರ ಇಲ್ಲಿ ಏನಾಯಿತು ಗೊತ್ತೇ? ನನಗೆ ಊಟ ಸೇರುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ. ಅಷ್ಟು ಖುಷಿ, ಅಷ್ಟೇ ಭಯ.

ಪಕ್ಕದ ಮನೆಯ ಹಾಲಿನಾ ಆಂಟಿ ವಿಷಯ. ಹೌದು, ನಮ್ಮ ನಿಂಬೆ ಗಿಡದ ಎಲೆ ಬೇಲಿ ದಾಟಿ ಬೀಳುತ್ತದೆಂದು ವರ್ಷವಿಡೀ ಜಗಳ ತೆಗೆಯುತ್ತಿದ್ದರಲ್ಲ, ಅವರೇ. ಇಷ್ಟು ವರ್ಷ ನಾವು ಅವರನ್ನು ಬರೀ ಸಿಡುಕು ಮುದುಕಿ ಅಂದುಕೊಂಡಿದ್ದೆವು. ನೀವು ವಿಮಾನ ಹತ್ತಿದ ವಾರವೇ ಅವರು ಬೇಲಿಯ ಹತ್ತಿರ ಸಿಕ್ಕಿದಾಗ, ಮಾತಿಗೆ ಇರಲಿ ಎಂದು, ನಮ್ಮವರು ಆರು ತಿಂಗಳ ಕೆಲಸಕ್ಕೆ ಪೋಲೆಂಡಿಗೆ ಹೋಗಿದ್ದಾರೆ ಅಂದೆ. ಆಂಟಿ ಕೈಯಲ್ಲಿದ್ದ ಪೈಪನ್ನು ಕೆಳಗೆ ಬಿಟ್ಟರು. ನೀರು ಅವರ ಚಪ್ಪಲಿಯ ಮೇಲೆಲ್ಲ ಹರಿಯುತ್ತಿತ್ತು, ಅವರಿಗೆ ಅದರ ಪರಿವೆಯೇ ಇಲ್ಲ. “ಅದು ನನ್ನ ದೇಶ” ಅಂದರು. ಆವತ್ತಿನಿಂದ ದಿನಾ ಮಧ್ಯಾಹ್ನ ನಮ್ಮಿಬ್ಬರ ಕಾಫಿ ಒಟ್ಟಿಗೇ. ರೀ, ಅವರು ಯಾರು ಅಂದುಕೊಂಡಿರಿ? ಅರಮನೆಯ ಹುಡುಗಿ! ಸೂಪರ್ ಮಾರ್ಕೆಟ್ಟಿನ ಕೂಪನ್ ಕತ್ತರಿಸಿ ಡಬ್ಬಿಯಲ್ಲಿಟ್ಟುಕೊಳ್ಳುವ ಹಾಲಿನಾ ಆಂಟಿ ಅರಮನೆಯಲ್ಲಿ ಬೆಳೆದವರು!

ಅದೊಂದು ಬೇಸಿಗೆ ಅರಮನೆ. ಹೆಸರೂ ಇದೆ, ಆದರೆ ಹೇಳಲು ಹೋದರೆ ನನ್ನ ನಾಲಿಗೆ ಹಲ್ಲಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ನಮ್ಮ ಮೈಸೂರು ಮಹಾರಾಜರು ಬಿಸಿಲು ಏರಿದ ಕೂಡಲೇ ಊಟಿಗೆ ಹೊರಡುತ್ತಿದ್ದರಲ್ಲ, ಅವರ ಕಡೆಯ ಸಿರಿವಂತರೂ ಹಾಗೆಯೇ. ಆಂಟಿಯ ಮುತ್ತಜ್ಜನ ಅಜ್ಜ ಯಾರೋ ಒಬ್ಬ, ವಾರ್ಸಾದ ಧೂಳು ತಡೆಯಲಾಗದೆ ಸದಾ ಸೀನುತ್ತಿದ್ದ ಹೆಂಡತಿಗಾಗಿ ಕಾಡಿನ ಅಂಚಿನಲ್ಲಿ ಅದನ್ನು ಕಟ್ಟಿಸಿದನಂತೆ. (ಹೆಂಡತಿ ಸೀನಿದರೆ ಅರಮನೆ. ನೀವು ಒಂದು ವಿಕ್ಸ್ ಡಬ್ಬಿ ತಂದುಕೊಟ್ಟಿದ್ದಿರಿ, ನೆನಪಿದೆ.) ಚಿತ್ರ ಬರೆಯಲು ಇಟಲಿಯಿಂದ ಒಬ್ಬ ಬಂದನಂತೆ. ಒಂದು ಬೇಸಿಗೆಗೆಂದು ಬಂದವನು ಅಡುಗೆಯವರ ಜೊತೆ ದಿನಾ ಜಗಳವಾಡುತ್ತಲೇ ವರ್ಷಗಟ್ಟಲೆ ಉಳಿದನಂತೆ. ಮೇ ತಿಂಗಳು ಬಂತೆಂದರೆ ಇಡೀ ಸಂಸಾರ ಗಾಡಿಗಳಲ್ಲಿ ಪಿಯಾನೋ, ಬೆಳ್ಳಿ ಪಾತ್ರೆ, ಹಾಸಿಗೆಗಳನ್ನೆಲ್ಲ ಹೇರಿಕೊಂಡು ಬರುವುದು. ಸೆಪ್ಟೆಂಬರಿನಲ್ಲಿ ಮಂಜು ಇಳಿದ ಕೂಡಲೇ ಕುರ್ಚಿ ಮಂಚಗಳಿಗೆಲ್ಲ ಬಿಳಿ ಬಟ್ಟೆಯ ಮುಸುಕು ಹಾಕಿ ವಾಪಸು ಹೋಗುವುದು. ಅಷ್ಟರಲ್ಲಿ ಅಕ್ಕಪಕ್ಕದ ಮೂರು ರಾಜ್ಯದವರು ಸೇರಿ ಆ ದೇಶವನ್ನೇ ಹಂಚಿಕೊಂಡುಬಿಟ್ಟರು. ನೂರು ವರ್ಷಕ್ಕೂ ಮೇಲೆ ಭೂಪಟದಲ್ಲಿ ಪೋಲೆಂಡ್ ಎಂಬ ದೇಶವೇ ಇರಲಿಲ್ಲವಂತೆ, ನಿಮಗೆ ಗೊತ್ತಿತ್ತೇ? ಮನೆಯವರಲ್ಲಿ ಒಬ್ಬ ದಂಗೆಗೆ ಸೇರಿದ ಎಂದು ಅವನನ್ನು ಸೈಬೀರಿಯಾಕ್ಕೆ ಅಟ್ಟಿ, ನೃತ್ಯದ ಹಾಲಿನಲ್ಲಿ ರಷ್ಯದ ಸೈನಿಕರು ಕುದುರೆ ಕಟ್ಟಿದರಂತೆ. ಆಮೇಲೆ ದೇಶ ಮತ್ತೆ ಹುಟ್ಟಿತು, ಮುಸುಕುಗಳು ಮತ್ತೆ ತೆರೆದವು, ನಮ್ಮ ಆಂಟಿ ಹುಟ್ಟಿದರು. ಅವರಿಗೆ ಎಂಟು ವರ್ಷವಾಗಿದ್ದಾಗ ಜರ್ಮನ್ ಸೈನ್ಯ ಬಂದು ಎಲ್ಲರನ್ನೂ ಹೊರಗೆ ಹಾಕಿತು. ಆ ಚಳಿಗಾಲದಲ್ಲೇ ಅವರ ಅಮ್ಮ ಜ್ವರದಿಂದ ತೀರಿಕೊಂಡರು. ಯುದ್ಧ ಮುಗಿದ ಮೇಲೆ ಸರ್ಕಾರ ಅರಮನೆಯನ್ನು ವಶಕ್ಕೆ ತೆಗೆದುಕೊಂಡು ಬೇಸಾಯ ಕಲಿಸುವ ಶಾಲೆ ಮಾಡಿತು. ಶಾಲೆಯೂ ಮುಚ್ಚಿ, ಪಾರಿವಾಳಗಳ ಪಾಲಾಗಿ, ಈಗ ಆ ಊರಿನವರೇ ಒಂದು ಸಮಿತಿ ಮಾಡಿಕೊಂಡು ದುರಸ್ತಿ ಮಾಡಿಸುತ್ತಿದ್ದಾರೆ.

ಈಗ ಮುಖ್ಯ ಮಾತು. ಆಂಟಿಯ ಹತ್ತಿರ ಅವರ ಅಮ್ಮನದೊಂದು ಫೋಟೋ ಕೂಡ ಇಲ್ಲ. ಎಲ್ಲವೂ ಯುದ್ಧದಲ್ಲಿ ಹೋಯಿತು. ಉಳಿದಿರುವುದು ಒಂದೇ ನೆನಪು. ಬೆಳಗಿನ ಹೊತ್ತು, ಅರಮನೆಯ ಒಂದು ಕೋಣೆ, ಕಿಟಕಿಯ ಹೊರಗೆ ಕೊಳ, ಕೋಣೆಯ ತುಂಬ ಹಕ್ಕಿಗಳ ಚಿತ್ರ. ಆ ಹಕ್ಕಿಗಳು ಹಾರುತ್ತಿದ್ದವಂತೆ! ಅಮ್ಮ ಒಂದೊಂದರ ಹೆಸರು ಹೇಳಿಕೊಡುತ್ತಿದ್ದರಂತೆ. ಆಂಟಿ ಇದನ್ನು ಸಮಿತಿಗೆ ಬರೆದಿದ್ದರು. ಸಮಿತಿಯವರು ಅರಮನೆಯ ಮುಂದಿರುವ ಕೊಳದ ಕಡೆಗೆ ಕಿಟಕಿಯಿರುವ ಕೋಣೆಗಳ ಗೋಡೆಯನ್ನೆಲ್ಲ ಕೆರೆದು ನೋಡಿ, ಹಸಿರು ಬಣ್ಣ ಬಿಟ್ಟು ಬೇರೇನೂ ಇಲ್ಲ ಎಂದು ಉತ್ತರ ಕೊಟ್ಟರು. ಅರಿಝೋನಾದಲ್ಲಿರುವ ಮಗ “ನಿನಗಾಗ ಎಂಟು ವರ್ಷ ಅಮ್ಮಾ, ಕನಸು ಕಂಡಿರಬೇಕು” ಅಂದ. ಡಾಕ್ಟರು ಹಾರುವ ಹಕ್ಕಿ ಎಂಬ ಮಾತು ಕೇಳಿ ಮರೆವಿನ ಪರೀಕ್ಷೆಗೆ ಬರೆದುಕೊಟ್ಟರು. ಒಂದು ಮಧ್ಯಾಹ್ನ ಆಂಟಿ ಕಾಫಿ ಲೋಟವನ್ನು ತಿರುಗಿಸುತ್ತಾ ಕೂತಿದ್ದವರು, “ಪಂಕಜಾ, ಹಕ್ಕಿಗಳನ್ನು ನಾನೇ ಹುಟ್ಟಿಸಿಕೊಂಡಿದ್ದರೆ, ಪಕ್ಕದಲ್ಲಿದ್ದ ಅಮ್ಮನನ್ನೂ ನಾನೇ ಹುಟ್ಟಿಸಿಕೊಂಡೆನೇ?” ಎಂದು ಕೇಳಿದರು. ನಾನು ಎದ್ದು ಹೋಗಿ ಇನ್ನೊಂದು ಕಾಫಿ ಮಾಡಿಕೊಂಡು ಬಂದೆ.

ಅದಕ್ಕೇ ಈ ಸಲದ ನವರಾತ್ರಿಗೆ ಬೊಂಬೆ ಕೂರಿಸುವಾಗ, ಹೋದ ವರ್ಷದ ಗೋಕುಲ ಬೇಡ, ಬೇಸಿಗೆ ಅರಮನೆಯೇ ಇರಲಿ ಎಂದು ನಿರ್ಧರಿಸಿದೆ. ಮುದುಕಿಗೆ ಸಂತೋಷವಾಗಲಿ ಎಂಬುದಷ್ಟೇ ನನ್ನ ಆಸೆ. ಲಾಂಗ್ ಬೀಚಿನ ಹಾಸ್ಟೆಲಿನಿಂದ ನಿಮ್ಮ ಮುದ್ದಿನ ಮಗಳು ನಿಹಾರಿಕಾ ಬಂದು ಸಹಾಯ ಮಾಡಿದಳು. ಟಿವಿ ಬಂದಿದ್ದ ದೊಡ್ಡ ರಟ್ಟಿನ ಡಬ್ಬ, ಥರ್ಮಕೋಲು, ಕಂಬಗಳಿಗೆ ಟಿಶ್ಯೂ ಪೇಪರಿನ ಸುರುಳಿ. ತೋಟಕ್ಕೆ ರಾಗಿ ಪೈರು, ಕೊಳಕ್ಕೆ ಸ್ಟೀಲಿನ ತಟ್ಟೆಯಲ್ಲಿ ಒಂದು ಕನ್ನಡಿ ಇಟ್ಟು ಮೇಲೆ ನೀರು, ಎರಡು ಪ್ಲಾಸ್ಟಿಕ್ ಬಾತುಕೋಳಿ. ಹಿಂಭಾಗಕ್ಕೆ ಮಾತ್ರ ಗೋಡೆ ಅಂಟಿಸಲಿಲ್ಲ. ಹೇಗೂ ನಮ್ಮ ಹಾಲಿನ ಗೋಡೆಯ ಕಡೆಗೇ ಇರುತ್ತದೆ, ಯಾರು ನೋಡುತ್ತಾರೆ ಎಂದು ಬಿಟ್ಟೆ. ಇನ್ನು ದಿಕ್ಕಿನ ವಿಷಯ ಕೇಳಬೇಕೇ? ಬೊಂಬೆ ಪೂರ್ವಕ್ಕೆ ಮುಖ ಮಾಡಿರಬೇಕು, ಅರಮನೆಯ ಬಾಗಿಲೂ ಪೂರ್ವಕ್ಕೇ ಇಟ್ಟೆ. ನೀರು ಈಶಾನ್ಯಕ್ಕಿರಬೇಕು, ತಟ್ಟೆಯನ್ನು ಮೇಜಿನ ಈಶಾನ್ಯ ಮೂಲೆಯಲ್ಲಿಟ್ಟೆ. ಕೊಳ ಚೆನ್ನಾಗಿ ಕಾಣಲಿ ಎಂದು ನಿಹಾರಿಕಾ ಆ ಮೂಲೆಯಲ್ಲೇ ಒಂದು ಟೇಬಲ್ ಲ್ಯಾಂಪ್ ಇಟ್ಟಳು. ಯಾವ ದೇಶದ ಅರಮನೆಯಾದರೇನು, ನಮ್ಮ ಮನೆಗೆ ಬಂದ ಮೇಲೆ ವಾಸ್ತು ಪ್ರಕಾರವೇ ನಿಲ್ಲಬೇಕಲ್ಲ!

ಹೋದ ಶನಿವಾರ ಸಂಜೆ ಅರಿಸಿನ ಕುಂಕುಮಕ್ಕೆ ಎಲ್ಲರನ್ನೂ ಕರೆದಿದ್ದೆ. ಆಂಟಿ ಟೋಪಿ, ಮುತ್ತಿನ ಸರ ಹಾಕಿಕೊಂಡು ಬಂದು, ಹಣೆಗೆ ಕುಂಕುಮ ಹಚ್ಚಿಸಿಕೊಂಡರು. ನಾನು ಹೆಮ್ಮೆಯಿಂದ ಅವರನ್ನು ಮೇಜಿನ ಮುಂದೆ ನಿಲ್ಲಿಸಿದೆ. ಅವರ ಮುಖ ಕೆಂಪಾಯಿತು. “ಇದು ಯಾರ ಮನೆ?” ಅಂದರು. “ನಮ್ಮಜ್ಜ ಸಂಜೆ ಮುಂಬಾಗಿಲ ಮೆಟ್ಟಿಲ ಮೇಲೆ ಕೂತರೆ ಮುಳುಗುವ ಸೂರ್ಯ ಕಣ್ಣಿಗೇ ಹೊಡೆಯುತ್ತಿದ್ದ. ದಿನಾ ಸೂರ್ಯನನ್ನು ಬೈಯುತ್ತಿದ್ದರು. ನೀನು ಮನೆಯನ್ನೇ ತಿರುಗಿಸಿಬಿಟ್ಟಿದ್ದೀಯ!” ನಾನು ವಾಸ್ತು, ಈಶಾನ್ಯ ಎಂದೇನೋ ವಿವರಿಸಲು ಹೋದೆ. ಕೇಳುವ ತಾಳ್ಮೆ ಯಾರಿಗಿದೆ? ಎರಡೂ ಕೈ ಹಾಕಿ ಅರಮನೆಯನ್ನು ಹಿಡಿದು ಹಿಂದುಮುಂದು ತಿರುಗಿಸಿಯೇಬಿಟ್ಟರು! ರಾಗಿ ಪೈರಿನ ಬಟ್ಟಲು ಉರುಳಿತು. ತಟ್ಟೆಯ ನೀರು ಅಲುಗಾಡಿತು. “ಅಯ್ಯೋ, ಕೂರಿಸಿದ್ದನ್ನ ಕದಲಿಸಬಾರ್ದು ಕಣ್ರೀ!” ಎಂದು ಕನ್ನಡ ಸಂಘದ ದ್ರಾಕ್ಷಾಯಣಿ ಕೂಗಿಕೊಂಡರು. ನನಗೂ ಕೋಪ ನೆತ್ತಿಗೇರಿತ್ತು. ಗೋಡೆಯಿಲ್ಲದ ಬೆನ್ನು ಎಲ್ಲರ ಕಡೆಗೆ ತಿರುಗಿ, ಸೆಲೋಟೇಪು, ಡಬ್ಬದ ಮೇಲಿನ ಅಕ್ಷರ ಎಲ್ಲವೂ ಬಯಲಾಗಿತ್ತು.

ಆಂಟಿ ಮಾತ್ರ ಬಗ್ಗಿ ನಿಂತವರು ನಿಂತೇ ಇದ್ದರು. ಮೊದಲು ಮುಂದಿದ್ದ ಕೊಳ ಈಗ ಅರಮನೆಯ ಹಿಂದಾಗಿತ್ತು. ಲ್ಯಾಂಪಿನ ಬೆಳಕು ನೀರಿಗೆ ಬಿದ್ದು, ಕನ್ನಡಿಯಿಂದ ಮೇಲಕ್ಕೆ ಎಗರಿ, ಗೋಡೆಯಿಲ್ಲದ ಹಿಂದಿನ ಕೋಣೆಯೊಳಗೆ ಹೋಗಿ, ಥರ್ಮಕೋಲಿನ ಚಾವಣಿಯ ಮೇಲೆ ಅಲೆಅಲೆಯಾಗಿ ಕುಣಿಯುತ್ತಿತ್ತು. ನೀರು ಅಲುಗಾಡಿದಷ್ಟೂ ಬೆಳಕು ಅಲುಗಾಡುತ್ತಿತ್ತು. ಆಂಟಿ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ಬಳೆ ಒತ್ತಿತು. “ಕೊಳ ಹಿಂದೆ ಇತ್ತು. ಹಿಂದೆ! ಅಡುಗೆಯವರ ಕಡೆ. ಹಕ್ಕಿ ಗೋಡೆಯಲ್ಲಿ ಇರಲಿಲ್ಲ ಪಂಕಜಾ, ಮೇಲಿದ್ದವು, ಚಾವಣಿಯಲ್ಲಿ! ಬೆಳಿಗ್ಗೆ ನೀರಿನ ಬಿಸಿಲು ಅವುಗಳ ಮೇಲೆ ಹೀಗೇ ಓಡುತ್ತಿತ್ತು!” ಹಕ್ಕಿ ಹಾರುತ್ತಿದ್ದದ್ದು ನಿಜ. ಹುಚ್ಚಲ್ಲ, ಕನಸಲ್ಲ, ನೀರಿನ ಬೆಳಕು. ನಿಹಾರಿಕಾ “ಅಮ್ಮಾ, ಓ ಮೈ ಗಾಡ್” ಎಂದು ಅಳುವುದಕ್ಕೇ ಶುರುಮಾಡಿದಳು, ನಾನು ಅವಳನ್ನು ನೋಡಿ ಅತ್ತೆ.

ಅಳು ನಿಂತ ಮೇಲೆ ಹೆದರಿಕೆ ಶುರುವಾಯಿತು. ಏಕೆಂದರೆ ಆ ಹಿಂದಿನ ಕೋಣೆಗಳನ್ನು ಚಳಿಗಾಲಕ್ಕೆ ಮೊದಲೇ ಕೆಡವಿ ಕಾರು ನಿಲ್ಲಿಸುವ ಜಾಗ ಮಾಡುವುದೆಂದು ಸಮಿತಿ ತೀರ್ಮಾನಿಸಿತ್ತು. ಅಲ್ಲಿ ಕೆಲಸದವರು ಇರುತ್ತಿದ್ದರು, ಹೋದರೆ ಹೋಗಲಿ ಎಂದು ಆಂಟಿಯೇ ಹೇಳಿದ್ದರು! ಪುಣ್ಯಕ್ಕೆ ಸಮಿತಿಯ ಮುಖ್ಯಸ್ಥೆ ಬೊಝೆನಾ ಎಂಬಾಕೆ ಮಾರನೆಯ ದಿನವೇ ಲಾಸ್ ಏಂಜಲೀಸಿನ ಪೋಲಿಷ್ ಸಂಘದಲ್ಲಿ ಅರಮನೆಯ ನಕ್ಷೆ ತೋರಿಸಲು ಬರುವವರಿದ್ದರು. ಬಾಯಲ್ಲಿ ಹೇಳಿದರೆ ನಂಬುವುದಿಲ್ಲ, ಇದನ್ನೇ ಎತ್ತಿಕೊಂಡು ಹೋಗಿ ತೋರಿಸೋಣ ಅಂದಳು ನಿಹಾರಿಕಾ. ನನಗೆ ಕೈ ಬರಲಿಲ್ಲ. ನವರಾತ್ರಿಯ ನಡುವೆ ಬೊಂಬೆಯ ಮೇಜಿನಿಂದ ಎತ್ತುವುದೆಂದರೆ? ಮೈಸೂರಿಗೆ ಫೋನ್ ಮಾಡಿ ಅತ್ತೆಯನ್ನು ಕೇಳಿದೆ. ನಿಮ್ಮ ಅಮ್ಮನ ಮಡಿ ನಿಮಗೇ ಗೊತ್ತಲ್ಲ, ಬೈಸಿಕೊಳ್ಳಲು ಸಿದ್ಧವಾಗಿಯೇ ಇದ್ದೆ. ಎಲ್ಲ ಕೇಳಿಸಿಕೊಂಡು, “ಪಟ್ಟದ ಬೊಂಬೆ ಮುಟ್ಟಬೇಡ. ರಟ್ಟಿನ ಡಬ್ಬಕ್ಕೆ ಎಂಥ ಮಡಿಯೇ? ಆ ಪುಣ್ಯಾತ್ಗಿತ್ತಿ ತಾಯಿಯನ್ನ ಹುಡುಕ್ತಾ ಇದ್ದಾಳೆ, ಎತ್ಕೊಂಡು ಹೋಗು ಮೊದ್ಲು” ಅಂದರು. ರೀ, ನಿಮ್ಮ ಅಮ್ಮನ ಬಗ್ಗೆ ನಾನು ಇಷ್ಟು ವರ್ಷ ಆಡಿದ್ದರಲ್ಲಿ ಅರ್ಧ ವಾಪಸು ತೆಗೆದುಕೊಂಡಿದ್ದೇನೆ.

ಭಾನುವಾರ ಬೆಳಿಗ್ಗೆ ಅರಮನೆಗೆ ಹಿಂದಿನ ಸೀಟಿನಲ್ಲಿ ಬೆಲ್ಟ್ ಕಟ್ಟಿ, ಪಕ್ಕದಲ್ಲಿ ನಾನು ಕಂಬ ಬೀಳದ ಹಾಗೆ ಹಿಡಿದುಕೊಂಡು ಕೂತೆ. ಮುಂದೆ ಆಂಟಿ. ನಿಹಾರಿಕಾ ಡ್ರೈವ್ ಮಾಡಿದಳು. ಸ್ಯಾನ್ ಕ್ಲೆಮೆಂಟೆ ದಾಟುವಷ್ಟರಲ್ಲಿ ಟ್ರಾಫಿಕ್ ನಿಂತುಬಿಟ್ಟಿತು. ಆಂಟಿ ಕೈಯಲ್ಲಿ ಜಪಮಾಲೆ, ನನ್ನ ಬಾಯಲ್ಲಿ ಲಲಿತಾ ಸಹಸ್ರನಾಮ, ಇಬ್ಬರೂ ಸೇರಿ ಮುಂದಿನ ಲಾರಿಯಿಂದ ದಾರಿ ಬಿಡಿಸಿಕೊಂಡೆವು ಎಂದೇ ನನ್ನ ನಂಬಿಕೆ. ಸಂಘದ ಹಾಲಿಗೆ ಕಾಲಿಟ್ಟಾಗ ಬೊಝೆನಾ ಮಾತು ಮುಗಿಸುತ್ತಿದ್ದರು. ಎತ್ತರದ ಹೆಂಗಸು, ಬೂದು ಬಣ್ಣದ ಕೋಟು, ಒಂದು ಕೂದಲೂ ಆಚೀಚೆ ಇಲ್ಲ. ಆಂಟಿಯ ಮಾತನ್ನು ತಾಳ್ಮೆಯಿಂದ ಕೇಳಿ, ನೆನಪುಗಳು ಅಮೂಲ್ಯ, ಆದರೆ ನಮಗೆ ಸಾಕ್ಷಿ ಬೇಕು ಅಂದರು. ಕೆಲವರು ನಮ್ಮ ಟಿಶ್ಯೂ ಕಂಬ ನೋಡಿ ಬಾಯಿಗೆ ಕೈ ಅಡ್ಡ ಹಿಡಿದರು. ಆಂಟಿಯ ತಲೆ ತಗ್ಗಿತು. ನನಗೆ ಬಂತು ನೋಡಿ ಸಿಟ್ಟು! ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಮೈಸೂರು ಇಂಗ್ಲಿಷಿನಲ್ಲೇ, ಸಾಕ್ಷಿ ಬೇಕಾದವರು ಮೊದಲು ಲೈಟ್ ಆರಿಸಿ ಅಂದೆ. ಯಾರೋ ಪರದೆ ಎಳೆದರು. ತಟ್ಟೆಗೆ ನೀರು ಹಾಕಿದೆ, ನಿಹಾರಿಕಾ ಫೋನಿನ ಟಾರ್ಚ್ ಹಿಡಿದಳು, ಆಂಟಿ ಒಂದು ಬೆರಳಿನಿಂದ ನೀರನ್ನು ಮುಟ್ಟಿದರು.

ಬೊಝೆನಾ ಬಗ್ಗಿ ಆ ಬೆಳಕನ್ನು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ ಅವರ ಮುಖವೇ ಬೇರೆಯಾಯಿತು. ಮನೆಯ ಮುಂದಿರುವ ಕೊಳ ಹಳೆಯದೇ ಅಲ್ಲವಂತೆ, ಶಾಲೆಯವರು ಮೀನು ಸಾಕಲು ತೋಡಿಸಿದ್ದಂತೆ. ಹಿಂದೆ ಒಂದು ತಗ್ಗು ಇದೆ, ಹುಲ್ಲು ಬೆಳೆದಿದೆ, ಅದು ಏನೆಂದು ಯಾರೂ ಯೋಚಿಸಿರಲಿಲ್ಲವಂತೆ. ಹಿಂದಿನ ಕೋಣೆಯಲ್ಲಿ ಚಾವಣಿ ತಗ್ಗು, ಶಾಲೆಯವರು ಬೆಚ್ಚಗಿರಲೆಂದು ಹಲಗೆ ಹೊಡೆಸಿದ್ದಾರಂತೆ. “ಹಲಗೆಯ ಮೇಲೆ ಏನಿದೆ ಎಂದು ನಾವು ನೋಡಿಯೇ ಇಲ್ಲ” ಎಂದರು, ಸಣ್ಣ ದನಿಯಲ್ಲಿ. ತಾನು ವಾಪಸು ಹೋಗಿ ಸ್ವತಃ ಹಲಗೆ ತೆಗೆಸುವವರೆಗೆ ಅಲ್ಲಿ ಒಂದು ಇಟ್ಟಿಗೆಯೂ ಕದಲುವುದಿಲ್ಲ ಎಂದು ಎಲ್ಲರೆದುರು ಮಾತು ಕೊಟ್ಟರು. ಬರುವಾಗ ಆಂಟಿ ಕಾರಿನಲ್ಲಿ ನನ್ನ ಮೊಸರನ್ನವನ್ನು ಡಬ್ಬಿ ತಳ ಕೆರೆದು ತಿಂದರು, ಉಪ್ಪಿನಕಾಯಿ ಸಮೇತ!

ಅಲ್ಲಿಂದ ಇಲ್ಲಿಯವರೆಗೆ ಸುದ್ದಿ ಇಲ್ಲ. ಆಂಟಿ ಹೊತ್ತಿಗೊಮ್ಮೆ ಬಂದು ಮೇಲ್ ಬಂತೇ ಎಂದು ಕೇಳುತ್ತಾರೆ, ಇಲ್ಲ ಅಂದರೆ ನಿಂಬೆ ಎಲೆಯ ಮೇಲೆ ರೇಗುತ್ತಾರೆ. ನಿನ್ನೆ ವಿಜಯದಶಮಿ, ಪಟ್ಟದ ಬೊಂಬೆ ಮಲಗಿಸಿ ಆರತಿ ಎತ್ತಿದೆ. ದೇವರೆದುರು ಬೇರೇನೂ ಕೇಳಲು ತೋಚಲಿಲ್ಲ, ಒಂದು ಹಕ್ಕಿಯಾದರೂ ಇರಲಿ ಎಂದೆ. ಅಲ್ಲಿ ಏನೂ ಇಲ್ಲದಿದ್ದರೆ? ಆರಿಹೋಗಿದ್ದ ಆಸೆಯನ್ನು ಹೊತ್ತಿಸಿದವಳು ನಾನು. ಆ ಮುಖವನ್ನು ಬೇಲಿಯಾಚೆ ದಿನಾ ನೋಡುವುದು ಹೇಗೆ?

ನೀವು ಊಟ ತಪ್ಪಿಸಬೇಡಿ, ಮಂಡಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡಿ, ವಿಕ್ರಮನಿಗೂ ಒಂದು ಹೊತ್ತು ಅನ್ನ ಸಾರು ಬಡಿಸಿ. ಮಗಳು ನಿಮ್ಮನ್ನು ನೆನೆಯುತ್ತಾಳೆ, ಅತ್ತೆ ಆಶೀರ್ವಾದ ಕಳಿಸಿದ್ದಾರೆ, ನಾನು ಬೈಗುಳ ಮತ್ತು ಪ್ರೀತಿ ಎರಡನ್ನೂ.

ನಿಮ್ಮ
ಪಂಕಜಾ

ತಾ.ಕ.: ಭಾನುವಾರ ಬೆಳಿಗ್ಗೆ. ಕವರ್ ಅಂಟಿಸುವ ಮೊದಲೇ ಬಂತು ರೀ, ಬಂತು! ಬೊಝೆನಾ ಒಂದು ಹಲಗೆ ತೆಗೆಸಿ ಫೋಟೋ ಕಳಿಸಿದ್ದಾರೆ. ಮಸಿಯ ನಡುವೆ ಉದ್ದನೆಯ ಎರಡು ಕಾಲು, ನೀಲಿ ರೆಕ್ಕೆ, ಪಕ್ಕದಲ್ಲಿ ಇನ್ನೊಂದರ ಕೊಕ್ಕು! ಕೆಡವುವ ಮಾತು ನಿಂತಿದೆ, ಈ ವಾರ ಉಳಿದ ಹಲಗೆಗಳನ್ನೂ ತೆಗೆಸುತ್ತಾರಂತೆ. ಬರಿಗಾಲಲ್ಲೇ ಓಡಿಹೋಗಿ ಆಂಟಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, “ಹಾಗಾದರೆ ಅಮ್ಮ ಇದ್ದಳು” ಅಂದರು. ಅಷ್ಟೇ. ಅವರ ಹೃದಯಕ್ಕೆ ವಿಮಾನ ಪ್ರಯಾಣ ಆಗದೆಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಅದಕ್ಕೇ ಈಗ ಪಾಯಿಂಟಿಗೆ ಬಂದೆ, ಕೇಳಿ. ಬರುವ ಶನಿವಾರ ನೀವು ಆ ಅರಮನೆಗೆ ಹೋಗಬೇಕು, ವಿಳಾಸದ ಚೀಟಿ ಕವರಿನಲ್ಲೇ ಇದೆ, ಬೊಝೆನಾ ಬಾಗಿಲು ತೆಗೆದುಕೊಡುತ್ತಾರೆ. ಬಿಸಿಲು ಬಂದ ಮೇಲೆ ಆ ಕೋಣೆಯ ನೆಲದ ಮೇಲೆ ಅಂಗಾತ ಮಲಗಿ, ಫೋನನ್ನು ಎದೆಯ ಮೇಲೆ ಚಾವಣಿಗೆ ಹಿಡಿದು ವಿಡಿಯೋ ಕಾಲ್ ಮಾಡಿ. ನಿಂತು ತೋರಿಸಿದರೆ ಆಗದಂತೆ, ಆಂಟಿ ಆಗ ಮಲಗಿಯೇ ನೋಡುತ್ತಿದ್ದದ್ದಂತೆ. ಕೋಟು ಕೊಳೆಯಾದರೆ ಆಗಲಿ, ಮರ್ಯಾದೆ ಗಿರ್ಯಾದೆ ನೋಡಬೇಡಿ, ನಡುವೆ ಮಾತಾಡಬೇಡಿ. ಮತ್ತೆ, ನಿಮ್ಮ ಎಡಗಡೆ ಸ್ವಲ್ಪ ಜಾಗ ಬಿಟ್ಟು ಮಲಗಿ. ಅಲ್ಲಿ ಅವರ ಅಮ್ಮ ಮಲಗುತ್ತಿದ್ದರಂತೆ.